ಪೈನ್ ಹಲಗೆಯ ಅಗಲ ಉಂಗುರ ನೋಡಿ ಹೆದರಬೇಕೇ?

ಪ್ರಶ್ನೆ: ವಾರ್ಡ್‌ರೋಬಿಗೂ ಸೀಲಿಂಗಿಗೂ ಪೈನ್ ಹಲಗೆ ತಂದಿದ್ದೇವೆ. ಉಂಗುರಗಳು ಬೆರಳಗಲ ಇವೆ. ನಮ್ಮ ಆಚಾರಿಯವರು, "ಇದು ಓಡಿಸಿ ಬೆಳೆಸಿದ ಮರ, ಕಾಡಿನಲ್ಲಿ ನಿಧಾನಕ್ಕೆ ಬೆಳೆದದ್ದು ಮಾತ್ರ ಗಟ್ಟಿ" ಎನ್ನುತ್ತಾರೆ. ವಾಪಸು ಕೊಡಬೇಕೇ?

ಉತ್ತರ: ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆ ಕಟ್ಟಿಸುವವರೆಲ್ಲ ಕೇಳುವ ಪ್ರಶ್ನೆ ಇದು. ಉಂಗುರದ ಅಗಲ ಒಂದನ್ನೇ ನೋಡಿ ವಾಪಸು ಕೊಡಬೇಡಿ. ಹಲಗೆಯ ತಲೆಯ ಕಡೆ ನೋಡಿ. ಅಲ್ಲಿ ಮರದ ನಟ್ಟನಡುವಿನ ತಿರುಳಿನ ಚುಕ್ಕೆ ಇದ್ದರೆ, ಅಥವಾ ಉಂಗುರಗಳು ಸಣ್ಣ ಬಟ್ಟಲಿನಂತೆ ಬಾಗಿದ್ದರೆ, ಆ ಹಲಗೆಯನ್ನು ಮಾತ್ರ ಬದಿಗಿಡಿ. ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಹೇಳಿದರೆ "ಬೇಗ ಬೆಳೆದ ಮರ ಅಲ್ಲವೇ?" ಎಂದು ಮರುಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡೋಣ.

ನಮ್ಮಲ್ಲಿಗೆ ಬರುವ ಪೈನ್‌ನಲ್ಲಿ ನ್ಯೂಜಿಲೆಂಡಿನ ತೋಟಗಳಲ್ಲಿ ಬೆಳೆಸುವ ರೇಡಿಯೇಟಾ ಎಂಬ ಜಾತಿಯೂ ಇದೆ. ಈ ಮರದಲ್ಲಿ ತಿರುಳಿನಿಂದ ಎಣಿಸಿದರೆ ಮೊದಲ ಸುಮಾರು 10 ಉಂಗುರಗಳು ಎಳೆಮರ. ಅಲ್ಲಿ ಸಾಂದ್ರತೆ ಕಡಿಮೆ, ಜೀವಕೋಶದ ಗೋಡೆಯೊಳಗಿನ ಸೂಕ್ಷ್ಮ ನಾರುಗಳು ಹೆಚ್ಚು ಓರೆ, ಮರದ ಎಳೆಯೂ ತುಸು ಸುರುಳಿ. ಸಾಮಾನ್ಯವಾಗಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಈ ಎಳೆಮರ ಮಾತ್ರ ಉದ್ದಕ್ಕೂ ಕುಗ್ಗುತ್ತದೆ. ಒಂದೇ ಹಲಗೆಯ ಒಂದು ಬದಿ ಎಳೆಮರ, ಇನ್ನೊಂದು ಬದಿ ಬಲಿತ ಮರ ಆಗಿದ್ದರೆ ಅದು ಬಿಲ್ಲಿನಂತೆ ಬಾಗದೆ ಇನ್ನೇನು ಮಾಡೀತು?

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ಗಿಡ ಎಳೆಯದಿರುವಾಗ ಮೈತುಂಬ ಹಸಿರು, ಸುತ್ತ ಬೇಕಾದಷ್ಟು ಬಿಸಿಲು. ಆದ್ದರಿಂದ ತಿರುಳಿನ ಪಕ್ಕದ ಉಂಗುರಗಳು ಅಗಲವಾಗಿಯೂ ಇರುತ್ತವೆ, ದುರ್ಬಲವಾಗಿಯೂ ಇರುತ್ತವೆ. ಎರಡನ್ನೂ ಒಟ್ಟಿಗೆ ನೋಡಿದವರು ಅಗಲವೇ ದುರ್ಬಲತೆಗೆ ಕಾರಣ ಎಂದುಕೊಂಡರು. ಮುಖ್ಯ ಕಾರಣ ಆ ಉಂಗುರ ತಿರುಳಿನಿಂದ ಎಷ್ಟನೆಯದು ಎಂಬುದು. ದಟ್ಟ ನೆರಳಿನಲ್ಲಿ ಸೊರಗಿ ಬೆಳೆದ ಪೈನ್‌ನ ನಾಲ್ಕನೇ ಉಂಗುರ ಕಾಗದದಷ್ಟು ತೆಳುವಾಗಿದ್ದರೂ ಅದು ಎಳೆಮರವೇ. ಸುತ್ತಲಿನ ಮರ ಕಡಿದು ಬೆಳಕು ಸಿಕ್ಕಿದ ಮೇಲೆ ಇಪ್ಪತ್ತನೇ ವರ್ಷ ಹಾಕಿದ ಉಂಗುರ ಅಗಲವಾಗಿದ್ದರೂ ಅದು ಬಲಿತ ಮರವೇ.

ಹಾಗೆಂದು ಆಚಾರಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಉತ್ತರ ಯುರೋಪಿನ ಸ್ಪ್ರೂಸ್‌ನಂಥ ಮರಗಳಲ್ಲಿ ವರ್ಷದ ಕೊನೆಗೆ ಹಾಕುವ ಕಪ್ಪು, ಗಟ್ಟಿ ಪಟ್ಟಿಯ ಅಗಲ ಹೆಚ್ಚು ಬದಲಾಗುವುದಿಲ್ಲ. ಬೇಗ ಬೆಳೆದರೆ ಹೆಚ್ಚಾಗುವುದು ಮೊದಲರ್ಧದ ಬಿಳಿ, ಮೆತ್ತನೆಯ ಭಾಗ. ಅಲ್ಲಿ ಅಗಲ ಉಂಗುರದ ಮರ ಹಗುರವೇ. ಆದರೆ ಇದೇ ಅಳತೆಗೋಲನ್ನು ಸಾಗುವಾನಿಗೂ ಹಿಡಿಯುತ್ತಾರಲ್ಲ, ಅದಕ್ಕೇನು ಹೇಳುವುದು! ಸಾಗುವಾನಿಯಲ್ಲಿ ಲೆಕ್ಕ ಬೇರೆ. ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಒಂದು ಸಾಲು, ಆಮೇಲೆ ಒತ್ತಾದ ಮರ. ಉಂಗುರ ತೀರಾ ತೆಳುವಾದರೆ ಉಳಿಯುವುದು ರಂಧ್ರಗಳ ಸಾಲೇ. ಬೇಗ ಬೆಳೆದ ಸಾಗುವಾನಿ ಬೇಗ ಬೆಳೆದದ್ದರಿಂದಲೇ ದುರ್ಬಲ ಎನ್ನಲು ಆಧಾರವಿಲ್ಲ. ಹದಿನೈದು ವರ್ಷಕ್ಕೇ ಕಡಿದರೆ ಚೇಗು, ಅಂದರೆ ಒಳಗಿನ ಬಣ್ಣ ತುಂಬಿದ ಬಲಿತ ಭಾಗ ಕಡಿಮೆ, ಹೊರಗಿನ ಬಿಳಿಭಾಗ ಹೆಚ್ಚು, ಒರಲೆ ಹಿಡಿಯುವುದು ಅದನ್ನು. ಅದು ಆತುರದಲ್ಲಿ ಕಡಿದವರ ತಪ್ಪು.

ಪೈನ್ ತೋಟ ನೋಡಿಕೊಳ್ಳುವವರ ಕೈಯಲ್ಲಿರುವುದು ಮೂರು ಸಂಗತಿ: ಅಂತರ, ಗೆಲ್ಲು ಸವರುವುದು, ನಡುವಿನ ಮರ ತೆಗೆಯುವುದು. ಒಂಬತ್ತಡಿ ಅಂತರದಲ್ಲಿ ಎಕರೆಗೆ 530–540 ಅಡಿಕೆ ಸಸಿ ನೆಟ್ಟು ಅಷ್ಟನ್ನೂ ಉಳಿಸಿಕೊಳ್ಳುವ ನಮಗೆ ಅವರ ಕ್ರಮ ವಿಚಿತ್ರ ಕಾಣಬಹುದು. ನ್ಯೂಜಿಲೆಂಡಿನಲ್ಲಿ ಸಾಮಾನ್ಯವಾಗಿ ಹೆಕ್ಟೇರಿಗೆ 800–1000 ಸಸಿ ನೆಟ್ಟು, ಗಂಟಿಲ್ಲದ ಮರ ಬೇಕಾದಲ್ಲಿ ಕೊನೆಗೆ 300ರ ಆಸುಪಾಸು ಉಳಿಸುತ್ತಾರೆ. ಕೊಂಕು, ಕವಲು, ಸೊರಗಿದ್ದು ಮೊದಲು ಹೋಗುತ್ತವೆ. ಇದರಿಂದ ತೋಟದ ಒಟ್ಟು ಮರದ ಪ್ರಮಾಣ ಹೆಚ್ಚುವುದಿಲ್ಲ. ಬೆಳೆಯೆಲ್ಲ ಒಳ್ಳೆಯ ಕೆಲವೇ ಬೊಡ್ಡೆಗಳಿಗೆ ಸೇರುತ್ತದೆ, ಅಷ್ಟೆ. ತೆಗೆಯಲು ತಡಮಾಡಿದರೆ ಮರಗಳು ಕೋಲಿನಂತೆ ಸಪೂರ ಎದ್ದಿರುತ್ತವೆ. ಆಮೇಲೆ ಒಮ್ಮೆಲೇ ಬಯಲು ಮಾಡಿದರೆ ಗಾಳಿಗೆ ಉರುಳುತ್ತವೆ ಅಥವಾ ವಾಲುತ್ತವೆ. ವಾಲಿದ ಪೈನ್ ಕೆಳಬದಿಯಲ್ಲಿ ಕೆಂಗಂದು ಬಣ್ಣದ ಒತ್ತುಮರ ಹಾಕುತ್ತದೆ. ನೋಡಲು ಗಟ್ಟಿ, ತೂಕವೂ ಹೆಚ್ಚು, ಆದರೆ ಒಣಗುವಾಗ ಉದ್ದಕ್ಕೆ ಕುಗ್ಗಿ ಹಲಗೆಯನ್ನು ತಿರುಚುತ್ತದೆ. ಹಾಗೆಂದು ಮೊದಲೇ ತೀರಾ ದೂರ ನೆಟ್ಟರೆ ಗೆಲ್ಲು ದಪ್ಪ, ಗಂಟು ದೊಡ್ಡದು, ಎಳೆಮರದ ತಿರುಳುಭಾಗವೂ ದೊಡ್ಡದು.

ಗಂಟೆಂದರೆ ಮರದೊಳಗೆ ಹೂತ ಗೆಲ್ಲಿನ ಬುಡ. ಮರ ಬೆಳೆದಂತೆ ಗೆಲ್ಲು ಮೇಲೇರುತ್ತದೆ ಎಂಬುದನ್ನು ದಯವಿಟ್ಟು ಬಿಡಿ, ಹುಟ್ಟಿದ ಎತ್ತರದಲ್ಲೇ ಅದು ಉಳಿಯುತ್ತದೆ. ಹಸಿರಿದ್ದಾಗ ಹೂತದ್ದು ಬಿಗಿ ಗಂಟು. ಸತ್ತು ನಿಂತ ಗೆಲ್ಲಿನ ಸುತ್ತ ಮರ ಬೆಳೆದರೆ ಕಪ್ಪು ಅಂಚಿನ ಸಡಿಲ ಗಂಟು, ಹತ್ತರಿ ಹೊಡೆಯುವಾಗ ಉದುರಿ ತೂತಾಗುವುದು ಅದೇ. ಅದಕ್ಕೇ ನಾಲ್ಕಾರು ವರ್ಷದ ಗಿಡದಿಂದ ಶುರುಮಾಡಿ, ಎರಡು ಮೂರು ಕಂತಿನಲ್ಲಿ, ಸುಮಾರು 6 ಮೀಟರ್ ಎತ್ತರದವರೆಗೆ ಗೆಲ್ಲು ಸವರುತ್ತಾರೆ. ಕತ್ತರಿಸುವಾಗ ಮೋಟು ಉಳಿಸಬಾರದು, ಬುಡದ ಉಬ್ಬನ್ನು ಗಾಯ ಮಾಡಲೂಬಾರದು. ಒಂದೇ ಕಂತಿನಲ್ಲಿ ಹಸಿರೆಲ್ಲ ತೆಗೆದರೆ ಬೆಳವಣಿಗೆಯೇ ನಿಲ್ಲುತ್ತದೆ. ಸವರಿದ ಮೇಲೆ ಹೊರಗೆ ಕೂಡುವುದು ಗಂಟಿಲ್ಲದ ಮರ. ಅದು ದಪ್ಪವಾಗಲು 25–30 ವರ್ಷಕ್ಕೆ ಕಡಿಯುವವರೆಗೆ ಕಾಯಬೇಕು. ಸವರಿ, ನಡುವಿನ ಮರ ತೆಗೆಯದೆ ಬಿಟ್ಟರೆ ಸವರಿದ ಕೂಲಿ ದಂಡ.

ಇನ್ನು ನಿಮ್ಮ ಹಲಗೆ. ನೀಲಿ ಕಲೆಯಿದ್ದರೆ ಅದು ಬೂಷ್ಟು, ಅಂದಗೆಡುತ್ತದೆ, ಬಲವೇನೂ ಹೇಳುವಷ್ಟು ತಗ್ಗುವುದಿಲ್ಲ. ಬಿಸಿಗಾಳಿಯ ಗೂಡಿನಲ್ಲಿ 12 ಶೇಕಡಾ ತೇವಕ್ಕೆ ಒಣಗಿಸಿದ ಹಲಗೆ ಆಟಿಯ ಮಳೆಯಲ್ಲಿ 18ರ ಹತ್ತಿರ ಹೋಗುತ್ತದೆ. ಸೀಲಿಂಗಿನ ಹಲಗೆಗಳ ನಡುವೆ ಹಿಗ್ಗಲು ಜಾಗ ಬಿಡದಿದ್ದರೆ ಮರವನ್ನು ಬೈಯಬೇಡಿ. ಔಷಧಿ ಕುಡಿಸದ ಪೈನ್ ನೆಲಕ್ಕೂ ಗೋಡೆಯ ತೇವಕ್ಕೂ ತಾಗಬಾರದು, ಒರಲೆಗೆ ಅದು ಹಬ್ಬದೂಟ.

ಇಷ್ಟು ಓದಿದವರು ಮುಂದೆ ಕೇಳುವುದು ಕಡಲ ಕರೆಯ ಗಾಳಿಮರವನ್ನೂ ಹೀಗೆಯೇ ಬೆಳೆಸಬಹುದೇ ಎಂದು. ಗಾಳಿಮರ ಪೈನ್ ಜಾತಿಯದೇ ಅಲ್ಲ, ಅದು ಹೂಬಿಡುವ ಮರ. ಸೂಜಿಯಂತೆ ಕಾಣುವುದು ಎಲೆಯಲ್ಲ, ಗಿಣ್ಣು ಗಿಣ್ಣಾದ ಹಸಿರು ಕಡ್ಡಿ. ಎಳೆದು ಮುರಿದು ನೋಡಿ, ಗಿಣ್ಣಿನ ಸುತ್ತ ಹಲ್ಲಿನಂತಿರುವ ಸಣ್ಣ ಹುರುಪೆಗಳೇ ಎಲೆ. ಪಶ್ಚಿಮಘಟ್ಟದ ದಕ್ಷಿಣ ಭಾಗದಲ್ಲಿ ಸಹಜವಾಗಿ ಬೆಳೆಯುವ ಪೈನ್ ವರ್ಗದ ಮರ ನಾಗೇಯಾ ವಾಲಿಚಿಯಾನಾ ಒಂದೇ, ಅದಕ್ಕೆ ಅಗಲ ಎಲೆ!

ಗಾಳಿಮರದಿಂದ ನಮಗೆ ಬೇಕಾದದ್ದು ಕಂಬ, ಊರುಗೋಲು, ಕಾಗದಕ್ಕೆ ಮರ. ಹಲಗೆಗೆ ಸೀಳಿದರೆ ಒಡೆದು ಹೋಗುತ್ತದೆ. ಆದ್ದರಿಂದ ಇಲ್ಲಿ ಒತ್ತಾಗಿ ನೆಡುವುದೇ ಸರಿ. ತಮಿಳುನಾಡಿನ ರೈತರಲ್ಲಿ 1 ಮೀಟರ್ ಅಂತರ ಸಾಮಾನ್ಯ. ಒತ್ತಿದ್ದರೆ ನೆಟ್ಟಗೆ, ಗೆಲ್ಲು ಸಣ್ಣ, ನಾಲ್ಕೈದು ವರ್ಷಕ್ಕೆ ಕಂಬ ತಯಾರು. ಕಡಿದ ಬುಡ ಸರಿಯಾಗಿ ಚಿಗುರುವುದಿಲ್ಲ. ಅದನ್ನು ಕಾಯುತ್ತ ಕೂರದೆ ಮುಂದಿನ ಮಳೆಗೆ ಹೊಸ ಸಸಿ ನೆಡಿ.