ಬೆಲ್ಲದ ವ್ಯಾಪಾರಿಗೆ ‘ಆಫರ್’ ಸ್ಪ್ಯಾಮ್ ಅಲ್ಲ

‘ಮೇಲ್ ಸರ್ವರ್‌ನಲ್ಲೇ ಎಲ್ಲ ಸ್ಪ್ಯಾಮ್ ತಡೆದುಬಿಡಿ’ ಎನ್ನುವವರು ಸ್ಪ್ಯಾಮ್, ಅಂದರೆ ಬೇಡದ ಇ-ಮೇಲ್, ಎಂಬುದು ಪತ್ರದೊಳಗೇ ಹುಟ್ಟಿದ ಗುಣವೆಂದು ನಂಬಿರುತ್ತಾರೆ. ಈ ನಂಬಿಕೆಗೆ ಆಧಾರವಿಲ್ಲ.

ಮಂಡ್ಯದ ಬೆಲ್ಲದ ವ್ಯಾಪಾರಿಯೂ ಮೈಸೂರಿನ ಗಣಿತದ ಮೇಷ್ಟರೂ ಒಂದೇ ಮೇಲ್ ಸರ್ವರ್ ಬಳಸುತ್ತಾರೆ ಎನ್ನೋಣ. ನೂರು ಸ್ಪ್ಯಾಮ್‌ಗಳಲ್ಲಿ 40ರಲ್ಲಿ ‘ಆಫರ್’ ಎಂಬ ಪದವಿದೆ. ಮೇಷ್ಟರಿಗೆ ಬರುವ ನೂರು ಒಳ್ಳೆಯ ಪತ್ರಗಳಲ್ಲಿ ಅದು ಇಣುಕುವುದು ಎರಡರಲ್ಲಿ ಮಾತ್ರ. ಎರಡೂ ಬಗೆಯ ಪತ್ರಗಳು ಸಮಸಮ ಬರುತ್ತಿದ್ದರೆ, ಆ ಪದವಿರುವ ಪತ್ರ ಸ್ಪ್ಯಾಮ್ ಆಗಿರುವ ಸಂಭವ 42ಕ್ಕೆ 40, ಅಂದರೆ ಸುಮಾರು ಶೇ. 95. ವ್ಯಾಪಾರಿಗೋ ದಿನವಿಡೀ ದರ, ಲೋಡ್, ಆಫರ್‌ಗಳದ್ದೇ ಮಾತು. ಅವರ ಒಳ್ಳೆಯ ಪತ್ರಗಳಲ್ಲೂ ನೂರಕ್ಕೆ 40ರಲ್ಲಿ ಅದೇ ಪದ. ಸಂಭವ ಶೇ. 50ಕ್ಕೆ ಕುಸಿಯಿತು. ಅವರ ಮಟ್ಟಿಗೆ ಆ ಪದ ಯಾವ ಸುಳಿವನ್ನೂ ಕೊಡುವುದಿಲ್ಲ!

ಈ ಲೆಕ್ಕದ ಬೇರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಬರಹದಲ್ಲಿದೆ. ಅವರು 1761ರಲ್ಲಿ ತೀರಿಕೊಂಡ ಮೇಲೆ, 1763ರಲ್ಲಿ ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಬೆಳಕಿಗೆ ತಂದರು. ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಗ್ಯಾರಿ ಥ್ಯುರ್ಕ್ ಕಂಪ್ಯೂಟರ್ ಜಾಹೀರಾತು ಕಳುಹಿಸಿದ್ದು 1978ರಲ್ಲಿ; ಮೊದಲ ಸ್ಪ್ಯಾಮ್ ಎನ್ನುವುದು ಅದನ್ನೇ. ರೋಗಕ್ಕಿಂತ ಇನ್ನೂರು ವರ್ಷ ಮೊದಲೇ ಮದ್ದು ತಯಾರಿತ್ತು.

ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶ ಬೇಯ್ಸ್ ಲೆಕ್ಕದ ಜೊತೆಗೆ ನೂರಾರು ನಿಯಮಗಳಿಗೂ ಅಂಕ ಕೊಟ್ಟು ಕೂಡಿಸುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎಂಬ ಗುರುತು. ಸಾಲಾವಳಿಯಲ್ಲಿ 36ಕ್ಕೆ 18 ಗುಣ ಕೂಡಿತೇ ಎಂದು ನೋಡಿದಂತೆಯೇ ಕಾಣುತ್ತದೆ. ಆದರೆ ಇಲ್ಲಿನ ಅಂಕಗಳನ್ನು ನಿಜವಾದ ಪತ್ರಗಳ ಮೇಲೆ ಪರೀಕ್ಷಿಸಿ ತಿದ್ದುತ್ತಾರೆ. ಜಾತಕದ ಅಂಕಗಳನ್ನು ಹಾಗೆ ತಿದ್ದಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಬೇಕೆಂದವರಿಗೆ ಮಾತ್ರ ಸರ್ವರ್‌ನ ಬಾಗಿಲಲ್ಲೇ ಸ್ಪ್ಯಾಮ್ ತಡೆಯಬಹುದಲ್ಲವೇ? ತೊಡಕಿರುವುದು ಅಲ್ಲಿಯೇ. ಒಂದೇ ಪತ್ರ ಮೇಷ್ಟರಿಗೂ ವ್ಯಾಪಾರಿಗೂ ಒಟ್ಟಿಗೆ ಬಂದರೆ, ಒಡಲನ್ನು ಓದಿದ ಮೇಲೆ ಸರ್ವರ್ ಕಳುಹಿಸಿದವರಿಗೆ ಒಂದೇ ಉತ್ತರ ಕೊಡಬಲ್ಲದು: ಒಪ್ಪಿದೆ, ಇಲ್ಲವೇ ಒಪ್ಪಿಲ್ಲ. ಆದ್ದರಿಂದ ಪತ್ರವನ್ನು ಒಳಗೆ ಬಿಟ್ಟು, ಅದರ ತಲೆಬರಹದಲ್ಲಿ (ಹೆಡರ್) ಅಂಕವನ್ನಷ್ಟೇ ಬರೆಯುವುದು ಮೇಲು. ಜಂಕ್ ಪೆಟ್ಟಿಗೆಗೆ ಸರಿಸುವ ಕೆಲಸವನ್ನು ಆಮೇಲೆ, ಪತ್ರ ವಿಂಗಡಿಸಲೆಂದೇ ಇರುವ ಸೀವ್ ಭಾಷೆಯ ಪುಟ್ಟ ನಿಯಮವೊಂದು, ಅದನ್ನು ಬಯಸಿದವರ ಖಾತೆಯಲ್ಲಿ ಮಾತ್ರ, ಮಾಡುತ್ತದೆ. ಉಳಿದವರ ಪತ್ರಗಳು ಎಂದಿನಂತೆ ಇನ್‌ಬಾಕ್ಸ್‌ಗೇ ಹೋಗುತ್ತವೆ.

ಬೇಯ್ಸ್ ದತ್ತಾಂಶವನ್ನೂ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಇಡಿ. 200 ಸ್ಪ್ಯಾಮ್ ಮತ್ತು 200 ಒಳ್ಳೆಯ ಪತ್ರ ಕಲಿಯುವವರೆಗೆ ಸ್ಪ್ಯಾಮ್‌ಅಸಾಸಿನ್‌ನ ಬೇಯ್ಸ್ ಭಾಗ ತುಟಿ ಬಿಚ್ಚುವುದಿಲ್ಲ. ಜಂಕ್‌ಗೆ ಎಸೆಯುವುದನ್ನು ಎಲ್ಲರೂ ಉತ್ಸಾಹದಿಂದ ಮಾಡುತ್ತಾರೆ. ಒಳ್ಳೆಯ ಪತ್ರಗಳನ್ನು ಕಲಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.