ತಪ್ಪು ರನ್‌ವೇ: ಯಾವ ಸಾಕ್ಷಿಯನ್ನು ಕೇಳಬೇಕಿತ್ತು?

ಪೈಲಟ್ ತರಬೇತಿಯ ಹ್ಯೂಮನ್ ಫ್ಯಾಕ್ಟರ್ಸ್ ಪೇಪರಿಗೆ, ಅಂದರೆ ಮನುಷ್ಯರು ಯಾಕೆ ತಪ್ಪುತ್ತಾರೆ ಎಂಬ ವಿಷಯಕ್ಕೆ, ಓದುವಾಗ ನನಗೆ ಬಹಳ ದಿನ ತಲೆಗೆ ಹೋಗದ ಪಾಠ ಇದು. ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು, ಒಬ್ಬರಲ್ಲ ಇಬ್ಬರು. ಎದುರಿಗೆ ನೆಲದ ಮೇಲೆ ಆಳೆತ್ತರದ ಅಂಕಿ, ತೊಡೆಯ ಮೇಲೆ ಚಾರ್ಟ್, ಕಿವಿಯಲ್ಲಿ ಅನುಮತಿ ಕೊಡುವ ಕಂಟ್ರೋಲ್ ಟವರ್‌ನ ಮಾತು. ಇಷ್ಟೆಲ್ಲ ಇದ್ದೂ ತಪ್ಪು ರನ್‌ವೇಗೆ ಹೋಗುವುದು ಹೇಗೆ? ‘ಗಮನ ತಪ್ಪಿತು’ ಎಂದು ಬರೆದರೆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಬರಬಹುದು, ವಿಷಯ ಮಾತ್ರ ಅರ್ಥವಾಗುವುದಿಲ್ಲ. ತನಿಖಾ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಕಂಡದ್ದು ಇಷ್ಟು: ಇವರೆಲ್ಲ ಕಣ್ಣು ಬಿಟ್ಟುಕೊಂಡೇ ಇದ್ದರು, ಕೆಲವರು ‘ಏನೋ ಸರಿಯಿಲ್ಲ’ ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಆದರೆ ಸರಿಯಾದ ರನ್‌ವೇಯನ್ನೂ ತಪ್ಪು ರನ್‌ವೇಯನ್ನೂ ಬೇರೆ ಮಾಡಿ ಹೇಳಬಲ್ಲ ಸಾಕ್ಷಿ ಯಾವುದೋ, ಅದನ್ನು ಮಾತ್ರ ಕೇಳಿರಲಿಲ್ಲ. ಈ ಟಿಪ್ಪಣಿಯನ್ನು ಆ ಒಂದೇ ಎಳೆ ಹಿಡಿದು ಬರೆಯುತ್ತಿದ್ದೇನೆ.

ಮೊದಲು ಅಂಕಿಯ ಲೆಕ್ಕ

ಗೊತ್ತಿರುವವರು ಇದನ್ನು ದಾಟಿಕೊಂಡು ಮುಂದೆ ಹೋಗಿ. ರನ್‌ವೇ ಮೇಲಿನ ಅಂಕಿ ಆ ಪಟ್ಟಿ ನೋಡುತ್ತಿರುವ ದಿಕ್ಕು. ಅಯಸ್ಕಾಂತೀಯ ಉತ್ತರದಿಂದ ಅಳೆದ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ ಕೊನೆಯ ಸೊನ್ನೆ ಕಿತ್ತರೆ ಆಯಿತು. 220 ಡಿಗ್ರಿ ಎಂದರೆ 22, 260 ಡಿಗ್ರಿ ಎಂದರೆ 26. ಅದೇ ಪಟ್ಟಿಯ ಇನ್ನೊಂದು ತುದಿಯ ಅಂಕಿಗೆ 18ರ ವ್ಯತ್ಯಾಸ. 22ರ ಆಚೆ ತುದಿ 04. ಒಂದಕ್ಕೊಂದು ಸಮಾನಾಂತರವಾಗಿ ಎರಡು ಪಟ್ಟಿಗಳಿದ್ದರೆ ಅಂಕಿ ಒಂದೇ ಆಗಿರುತ್ತದೆ, ಪಕ್ಕದಲ್ಲಿ ಎಡ ಅಥವಾ ಬಲ ಎಂಬುದನ್ನು ಸೂಚಿಸುವ ಎಲ್, ಆರ್ ಅಕ್ಷರ ಸೇರುತ್ತದೆ. (ಭೂಮಿಯ ಅಯಸ್ಕಾಂತೀಯ ಧ್ರುವ ಜರುಗುತ್ತಲೇ ಇರುವುದರಿಂದ ಎಷ್ಟೋ ವರ್ಷಕ್ಕೊಮ್ಮೆ ಈ ಅಂಕಿಗಳನ್ನು ಅಳಿಸಿ ಹೊಸದಾಗಿ ಬರೆಯಬೇಕಾಗುತ್ತದೆ. ಪರೀಕ್ಷೆಗೆ ಬೇಕಿಲ್ಲ, ನನಗೆ ಇಷ್ಟವಾದ ಸಂಗತಿ ಅಷ್ಟೆ.)

ಬಣ್ಣಗಳೂ ನೆನಪಿರಲಿ. ರನ್‌ವೇ ಮೇಲಿನ ಗುರುತುಗಳು ಬಿಳಿ, ಅಂಚಿನ ದೀಪಗಳೂ ಬಿಳಿ. ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇಯ ಗೆರೆಗಳು ಹಳದಿ, ಅಂಚಿನ ದೀಪ ನೀಲಿ, ನಡುಗೆರೆಯ ದೀಪ ಹಸಿರು. ರನ್‌ವೇ ಪ್ರವೇಶಕ್ಕೆ ಮುನ್ನ ಕೆಂಪು ಹಲಗೆಯ ಮೇಲೆ ಬಿಳಿ ಅಂಕಿ. ಪುಸ್ತಕದಲ್ಲಿ ಇದು ಎಷ್ಟು ಸುಲಭ! ರಾತ್ರಿ ಹೊತ್ತು ಕಾಕ್‌ಪಿಟ್‌ನಿಂದ ನೋಡಿದರೆ ಅದೊಂದು ದೀಪಗಳ ಜಾತ್ರೆ.

ಲೆಕ್ಸಿಂಗ್ಟನ್, 2006

ಆಗಸ್ಟ್ 27ರ ನಸುಕು. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ವಿಮಾನ ನಿಲ್ದಾಣದಿಂದ ಕೊಮೇರ್ ಸಂಸ್ಥೆಯ 5191ನೇ ವಿಮಾನ ಹೊರಡಬೇಕಿತ್ತು. ಟವರ್ ಕೊಟ್ಟಿದ್ದು ರನ್‌ವೇ 22. ಉದ್ದ ಸುಮಾರು 7,000 ಅಡಿ, ಅಗಲ 150 ಅಡಿ. ಅದರ ಆರಂಭದ ತುದಿಗೆ ಹೋಗಬೇಕಾದರೆ ದಾರಿಯಲ್ಲಿ ರನ್‌ವೇ 26 ಅನ್ನು ಅಡ್ಡ ದಾಟಬೇಕು. ಅದು ಸಣ್ಣ ವಿಮಾನಗಳ ಪಟ್ಟಿ: ಉದ್ದ ಸುಮಾರು 3,500 ಅಡಿ, ಅಗಲ 75 ಅಡಿ. ಎರಡು ಪಟ್ಟಿಗಳ ಆರಂಭವೂ ಹತ್ತಿರ ಹತ್ತಿರ. ಅಲ್ಲಿ ಆಗ ಕಾಮಗಾರಿ ನಡೆಯುತ್ತಿದ್ದುದರಿಂದ ಟ್ಯಾಕ್ಸಿವೇ ದಾರಿ ಬದಲಾಗಿತ್ತು, ಪೈಲಟ್‌ಗಳ ಕೈಲಿದ್ದ ಚಾರ್ಟ್ ಬದಲಾಗಿರಲಿಲ್ಲ.

ಈಗ ಕಾಕ್‌ಪಿಟ್‌ಗೆ ಬನ್ನಿ. ನೆಲದ ಮೇಲೆ ವಿಮಾನವನ್ನು ತಿರುಗಿಸುವ ಹಿಡಿ ಎಡಗಡೆ ಸೀಟಿನಲ್ಲಿರುವುದರಿಂದ ಅಲ್ಲಿಯವರೆಗೆ ತಂದವರು ಕ್ಯಾಪ್ಟನ್. ಆ ದಿನ ಹಾರಿಸಬೇಕಾದವರು ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಕ್ಯಾಪ್ಟನ್ ರನ್‌ವೇ 26ರ ಮೇಲೆ ಸಾಲು ಹಿಡಿಸಿ ನಿಯಂತ್ರಣ ಬಿಟ್ಟುಕೊಟ್ಟರು. ತೆಗೆದುಕೊಂಡವರು ಅದು 22 ಎಂದೇ ತೆಗೆದುಕೊಂಡರು. ನನ್ನ ಮಟ್ಟಿಗೆ ಇಡೀ ಘಟನೆಯ ಮರ್ಮ ಈ ಹಸ್ತಾಂತರದಲ್ಲಿದೆ. ಕೊಟ್ಟವರು ತಮ್ಮ ಕೆಲಸ ಮುಗಿಯಿತು ಎಂದುಕೊಂಡರು, ಪಡೆದವರು ಎಲ್ಲಿದ್ದೇವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ ಎಂದುಕೊಂಡರು. ಇಬ್ಬರ ನಡುವೆ ಆ ಪ್ರಶ್ನೆ ಯಾರ ಪಾಲಿಗೂ ಬರಲಿಲ್ಲ.

ಪಟ್ಟಿ ಕತ್ತಲಾಗಿತ್ತು. ಓಟ ಶುರುವಾದ ಮೇಲೆ ಫಸ್ಟ್ ಆಫೀಸರ್ ದೀಪಗಳೇ ಇಲ್ಲ, ವಿಚಿತ್ರ ಎಂದರು, ಕ್ಯಾಪ್ಟನ್ ಹೌದೆಂದರು. ಮಾತು ಅಲ್ಲಿಗೇ ನಿಂತಿತು. ಯಾಕೆ? ಹಿಂದೊಂದು ರಾತ್ರಿ ಇಲ್ಲಿ ಇಳಿದಾಗ ಎಲ್ಲೆಂದರಲ್ಲಿ ದೀಪ ಕೆಟ್ಟಿದ್ದುದನ್ನು ಅದೇ ಫಸ್ಟ್ ಆಫೀಸರ್ ಹೊರಡುವ ಮುನ್ನ ಹೇಳಿದ್ದರು. ಕತ್ತಲೆಗೆ ಸಮಜಾಯಿಷಿ ಮೊದಲೇ ಸಿದ್ಧವಿತ್ತು. ಅನುಮಾನ ಹುಟ್ಟಿದ ಕೂಡಲೇ ಅದನ್ನು ಸುಮ್ಮನಾಗಿಸುವ ಕಾರಣವೂ ಜೊತೆಗೇ ಬಂದುಬಿಟ್ಟಿತು.

ಇಲ್ಲಿ ಕೇಳಬೇಕಿದ್ದ ಸಾಕ್ಷಿ ಹೆಡಿಂಗ್, ಅಂದರೆ ವಿಮಾನದ ಮೂತಿ ನೋಡುತ್ತಿರುವ ದಿಕ್ಕು. 22ಕ್ಕೂ 26ಕ್ಕೂ 40 ಡಿಗ್ರಿ ಅಂತರ. ಅದು ಇಬ್ಬರ ಮುಂದಿನ ಪರದೆಯ ಮೇಲೂ ಕಾಣುತ್ತಿತ್ತು. ಟವರ್ ಕೊಟ್ಟ ಟೇಕಾಫ್ ಅನುಮತಿಯಲ್ಲಿ ರನ್‌ವೇ ಸಂಖ್ಯೆ ಇರಲಿಲ್ಲ. ‘ರನ್‌ವೇ ಹೆಡಿಂಗ್‌ನಲ್ಲೇ ಹಾರಿ’ ಎಂದಷ್ಟೇ ಇತ್ತು. ಹೆಡಿಂಗ್ ಎಂಬ ಮಾತು ಕಿವಿಗೆ ಬಿದ್ದರೂ ಕಣ್ಣು ಅತ್ತ ಹೋಗಲಿಲ್ಲ. ಟವರ್‌ನಲ್ಲಿ ಒಬ್ಬರೇ ಕಂಟ್ರೋಲರ್ ಇದ್ದರು, ಅನುಮತಿ ಕೊಟ್ಟು ಬೇರೆ ಕೆಲಸಕ್ಕೆ ತಿರುಗಿದ್ದರು. ವಿಮಾನ ಪಟ್ಟಿ ಮುಗಿದು ಹೊರಗೆ ನುಗ್ಗಿತು. 50 ಜನರಲ್ಲಿ 49 ಮಂದಿ ಸತ್ತರು; ಉಳಿದವರು ಫಸ್ಟ್ ಆಫೀಸರ್ ಒಬ್ಬರೇ. ಅದಕ್ಕೆ ಸ್ವಲ್ಪ ಮುಂಚೆ ಬೇರೆ ವಿಮಾನಗಳು ಇದೇ ದಾರಿಯಲ್ಲಿ ಹೋಗಿ 22ರಿಂದ ಸರಿಯಾಗಿಯೇ ಹಾರಿದ್ದವು. ಹಾಗಾಗಿ ‘ನಿಲ್ದಾಣದ ವಿನ್ಯಾಸವೇ ಕಾರಣ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ.

ತೈಪೆ, 2000: ಇಲ್ಲಿ ಹೆಡಿಂಗ್ ಕೈಕೊಡುತ್ತದೆ

ಲೆಕ್ಸಿಂಗ್ಟನ್ ಓದಿದ ಮೇಲೆ ‘ಹೆಡಿಂಗ್ ನೋಡಿದರೆ ಸಾಕು’ ಎಂದು ನಾನೂ ಅಂಚಿನಲ್ಲಿ ಬರೆದುಕೊಂಡಿದ್ದೆ. ಸಿಂಗಪುರ ಏರ್‌ಲೈನ್ಸ್ 006 ಓದಿ ಅದನ್ನು ಹೊಡೆದುಹಾಕಬೇಕಾಯಿತು. 2000ದ ಅಕ್ಟೋಬರ್ 31ರ ರಾತ್ರಿ, ತೈಪೆಯಲ್ಲಿ ಚಂಡಮಾರುತದ ಮಳೆ ಗಾಳಿ. ಬೋಯಿಂಗ್ 747ಕ್ಕೆ ಕೊಟ್ಟಿದ್ದು 05 ಎಡ. ಅದು ಹತ್ತಿದ್ದು 05 ಬಲ. ದುರಸ್ತಿಗೆಂದು ಮುಚ್ಚಿದ್ದ ಪಟ್ಟಿ, ನಡುವೆ ಕಾಂಕ್ರೀಟ್ ತಡೆ, ಅಗೆಯುವ ಯಂತ್ರಗಳು. ವಿಮಾನದಲ್ಲಿದ್ದ 179 ಜನರಲ್ಲಿ 83 ಮಂದಿ ಸತ್ತರು.

ಎರಡೂ 05. ಹೆಡಿಂಗ್ ಎರಡರಲ್ಲೂ ಒಂದೇ. ಅದನ್ನು ನೂರು ಸಲ ನೋಡಿದರೂ ‘ಸರಿ ಇದೆ’ ಎಂದೇ ಹೇಳುತ್ತದೆ. ಎರಡೂ ಕಡೆಗೆ ಒಂದೇ ಮಾತು ಹೇಳುವ ಸಾಕ್ಷಿಯಿಂದ ಏನು ಪ್ರಯೋಜನ? ನೆಲದ ಮೇಲಿನ ಹಸಿರು ದೀಪಗಳ ಸಾಲು ಬಲಪಟ್ಟಿಯ ಕಡೆಗೆ ಸರಾಗವಾಗಿ ತಿರುಗುತ್ತಿತ್ತು. ಮುಂದೆ ಹೋಗಿ ಎಡಪಟ್ಟಿ ಸೇರಬೇಕಾದ ದಾರಿಯಲ್ಲಿ ಒಂದು ದೀಪ ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ಹಸಿರನ್ನು ಹಿಂಬಾಲಿಸಿದರು.

ವ್ಯತ್ಯಾಸ ಹೇಳಬಲ್ಲ ಸಾಕ್ಷಿ ಒಂದಿತ್ತು. ಆ ವಿಮಾನದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಪಟ್ಟೆಗಳು ಓಡುವ ಒಂದು ಸಣ್ಣ ಸಾಧನವಿತ್ತು. ರನ್‌ವೇಯ ನಡುಗೆರೆಗೆ ಹೊಂದಿಸಿದ ರೇಡಿಯೋ ಕಿರಣ, ಅಂದರೆ ಲೋಕಲೈಸರ್, ಸಿಕ್ಕಿದರೆ ಅದರ ಮುಚ್ಚಳ ತೆರೆದುಕೊಳ್ಳುತ್ತದೆ. ತೆರೆಯಲಿಲ್ಲ. ಕಾಕ್‌ಪಿಟ್‌ನಲ್ಲಿ ಅದನ್ನು ಗಮನಿಸಿ ಹೇಳಿದರು ಕೂಡ. ಆದರೆ ಮಂಜು ದಟ್ಟವಾಗಿದ್ದಾಗ ಬೇಕಾಗುವ ಸಾಧನ ಅದು, ಈಗ ರನ್‌ವೇ ಕಣ್ಣಿಗೆ ಕಾಣುತ್ತಿದೆಯಲ್ಲ, ಪರವಾಗಿಲ್ಲ ಎಂದು ಮುಂದುವರಿದರು. ಕಂಡದ್ದು ನಿಜವಾಗಿಯೂ ರನ್‌ವೇಯೇ. ಯಾವ ರನ್‌ವೇ ಎಂಬುದಷ್ಟೇ ಪ್ರಶ್ನೆ. ಮುಚ್ಚಿದ ಪಟ್ಟಿಯ ಬಾಯಿಗೆ ತಡೆ ಇರಲಿಲ್ಲ, ಟವರ್‌ಗೆ ಮಳೆಯಲ್ಲಿ ವಿಮಾನ ಕಾಣಲಿಲ್ಲ, ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಅಲ್ಲಿರಲಿಲ್ಲ. ತಪ್ಪು ಯಾರದು ಎಂಬ ಬಗ್ಗೆ ತೈವಾನ್ ಮತ್ತು ಸಿಂಗಪುರದ ತನಿಖೆಗಾರರಿಗೆ ಒಮ್ಮತ ಆಗಲಿಲ್ಲ. ಎರಡೂ ಕಡೆಯ ವಾದ ಓದಿ. ನನಗಂತೂ ಎರಡರಲ್ಲೂ ಹುರುಳಿದೆ ಅನ್ನಿಸಿತು.

ಸ್ಯಾನ್ ಫ್ರಾನ್ಸಿಸ್ಕೊ, 2017

ಯಾರೂ ಸಾಯದ ಘಟನೆ, ಆದರೂ ಓದುವಾಗ ಮೈ ಜುಮ್ಮೆನ್ನುತ್ತದೆ. ಜುಲೈ 7ರ ಮಧ್ಯರಾತ್ರಿ ಹತ್ತಿರ, ಆಕಾಶ ನಿರ್ಮಲ. ಏರ್ ಕೆನಡಾ 759, ಏರ್‌ಬಸ್ ಎ320, ರನ್‌ವೇ 28 ಬಲಕ್ಕೆ ಇಳಿಯಬೇಕು. 28 ಎಡವನ್ನು ಮುಚ್ಚಿ ದೀಪ ಆರಿಸಿದ್ದರು. ಪೈಲಟ್‌ಗಳ ಮನಸ್ಸಿನಲ್ಲಿದ್ದ ಚಿತ್ರ: ಎರಡು ಬೆಳಗುವ ಪಟ್ಟಿಗಳು, ನಮ್ಮದು ಬಲಗಡೆಯದು. ಕೆಳಗೆ ನಿಜಕ್ಕೂ ಎರಡು ಬೆಳಕಿನ ಸಾಲುಗಳಿದ್ದವು. ಎಡಗಡೆಯದು 28 ಬಲ, ಬಲಗಡೆಯದು ಟ್ಯಾಕ್ಸಿವೇ ಸಿ. ಬಲಗಡೆಯದನ್ನೇ ಆರಿಸಿದರು.

ಟ್ಯಾಕ್ಸಿವೇ ಮೇಲೆ ಹೊರಡಲು ಕಾದಿದ್ದ ನಾಲ್ಕು ವಿಮಾನಗಳು. ಅವುಗಳ ರೆಕ್ಕೆ ದೀಪಗಳೇ ಮೇಲಿನಿಂದ ರನ್‌ವೇ ಅಂಚಿನಂತೆ ಕಂಡಿರಬೇಕು. ಪಟ್ಟಿಯ ಮೇಲೆ ದೀಪಗಳು ಕಾಣುತ್ತಿವೆ, ಖಾಲಿ ಇದೆಯೇ ಎಂದು ಇವರು ಟವರನ್ನು ಕೇಳಿದರು. 28 ಬಲ ಖಾಲಿ ಎಂದು ಉತ್ತರ ಬಂತು. ಕೇಳಿದ್ದೂ ಪ್ರಾಮಾಣಿಕ, ಉತ್ತರವೂ ಸತ್ಯ; ಇಬ್ಬರು ಮಾತಾಡುತ್ತಿದ್ದದ್ದು ಮಾತ್ರ ಬೇರೆ ಬೇರೆ ಪಟ್ಟಿಗಳ ಬಗ್ಗೆ. ಸಾಲಿನ ಮೊದಲ ವಿಮಾನದ ಪೈಲಟ್ ರೇಡಿಯೋದಲ್ಲಿ ಇವನು ಟ್ಯಾಕ್ಸಿವೇ ಮೇಲಿದ್ದಾನೆ ಎಂದು ಕೂಗಿದರು, ಎರಡನೆಯ ವಿಮಾನದವರು ತಮ್ಮ ಲ್ಯಾಂಡಿಂಗ್ ದೀಪ ಹಾಕಿದರು. ಏರ್ ಕೆನಡಾ ಮೇಲೆದ್ದಿತು. ಅಷ್ಟರಲ್ಲಿ ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದಾಗಿತ್ತು.

ಇಲ್ಲಿಯೂ ಹೆಡಿಂಗ್ ಮೂಕ ಸಾಕ್ಷಿ. ಬೇಕಿದ್ದದ್ದು ಲೋಕಲೈಸರ್. ಕಣ್ಣಿನಿಂದ ನೋಡಿ ಇಳಿಯುವ ಆ ವಿಧಾನದಲ್ಲೂ ಅದರ ಆವರ್ತನವನ್ನು ಕೈಯಿಂದ ಹಾಕಿಕೊಳ್ಳಬೇಕೆಂದು ಚಾರ್ಟ್‌ನಲ್ಲಿತ್ತು, ಹಾಕಿರಲಿಲ್ಲ. 28 ಎಡ ಮುಚ್ಚಿದೆ ಎಂಬ ಸೂಚನೆ, ಅಂದರೆ ನೋಟಾಮ್, 27 ಪುಟದ ಕಟ್ಟಿನ 8ನೇ ಪುಟದಲ್ಲಿತ್ತು. ಕ್ಯಾಪ್ಟನ್ ಎದ್ದು 19 ಗಂಟೆಗಿಂತ ಹೆಚ್ಚಾಗಿತ್ತು. ಇವನ್ನೆಲ್ಲ ‘ಕಾರಣಗಳ ಪಟ್ಟಿ’ ಮಾಡಿ ಬಾಯಿಪಾಠ ಹೊಡೆಯುವ ಬದಲು ಒಂದಕ್ಕೊಂದು ಹೆಣೆದು ನೋಡಿ: ನಿದ್ದೆಗೆಟ್ಟ ಮನಸ್ಸಿಗೆ ನೋಟಾಮ್ ನೆನಪಿನಿಂದ ಜಾರಿತು, ಜಾರಿದ್ದರಿಂದ ಎರಡು ಪಟ್ಟಿ ಇರಬೇಕೆಂಬ ಚಿತ್ರ ಉಳಿಯಿತು, ಆ ಚಿತ್ರಕ್ಕೆ ಕೆಳಗಿನ ಬೆಳಕು ಹೊಂದಿತು.

ನಿಲ್ದಾಣವೇ ತಪ್ಪಿದಾಗ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 1972ರಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ–8 ಮುಂಬೈಯ ಸಾಂತಾಕ್ರೂಜ್ ಬದಲು ಪಕ್ಕದ ಜುಹುವಿನ ಚಿಕ್ಕ ಪಟ್ಟಿಗೆ ಇಳಿಯಿತು. 2014ರ ಜನವರಿಯಲ್ಲಿ ಸೌತ್‌ವೆಸ್ಟ್‌ನ 737 ಅಮೆರಿಕದ ಬ್ರಾನ್ಸನ್ ಬದಲು ಹತ್ತಿರದ ಪುಟ್ಟ ನಿಲ್ದಾಣದ 3,738 ಅಡಿಯ ಪಟ್ಟಿಯಲ್ಲಿ ಬ್ರೇಕ್ ತುಳಿದು ನಿಂತಿತು. ಬ್ರಾನ್ಸನ್‌ನ ಪಟ್ಟಿಗೂ ಆ ಪುಟ್ಟ ನಿಲ್ದಾಣದ ಪಟ್ಟಿಗೂ ದಿಕ್ಕು ಹೆಚ್ಚುಕಡಿಮೆ ಒಂದೇ ಆದ್ದರಿಂದ ಹೆಡಿಂಗ್ ಅಷ್ಟಾಗಿ ಅನುಮಾನ ಹುಟ್ಟಿಸುವುದಿಲ್ಲ. ಅಲ್ಲಿ ಮಾತಾಡುವ ಸಾಕ್ಷಿ ದೂರ: ರನ್‌ವೇ ಕಣ್ಣೆದುರಿಗಿದೆ, ಪರದೆ ಮಾತ್ರ ಇನ್ನೂ ಇಷ್ಟು ಮೈಲಿ ಇದೆ ಎನ್ನುತ್ತಿದೆ. ಆ ಜಗಳವನ್ನು ಕಿವಿಗೊಟ್ಟು ಕೇಳಬೇಕು.

ಯಂತ್ರದ ಸಾಕ್ಷಿಯೂ ಯಾವಾಗಲೂ ನಮ್ಮ ಪರವಲ್ಲ. 1979ರ ಅಕ್ಟೋಬರ್ 31ರಂದು ಮೆಕ್ಸಿಕೊ ಸಿಟಿಯಲ್ಲಿ ವೆಸ್ಟರ್ನ್ ಏರ್‌ಲೈನ್ಸ್ 2605 ಇಳಿಯಬೇಕಿದ್ದದ್ದು 23 ಬಲಕ್ಕೆ. ರೇಡಿಯೋ ಕಿರಣ ಇದ್ದದ್ದು ಮುಚ್ಚಿದ್ದ 23 ಎಡಕ್ಕೆ. ಕಿರಣ ಹಿಡಿದು ಬಂದು, ರನ್‌ವೇ ಕಂಡ ಮೇಲೆ ಬಲಕ್ಕೆ ಸರಿಯಬೇಕು. ಮಂಜಿನಲ್ಲಿ ಆ ಸರಿಯುವಿಕೆ ಆಗಲೇ ಇಲ್ಲ. ವಿಮಾನದಲ್ಲಿದ್ದ 72 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ಲೋಕಲೈಸರ್ ಕೇಳುವ ಮೊದಲು ಅದು ಯಾವ ಪಟ್ಟಿಯ ಪರ ಮಾತಾಡುತ್ತಿದೆ ಎಂದು ಕೇಳಬೇಕು.

ಹಾಗಾದರೆ ಏನು ಮಾಡುವುದು

ಲೆಕ್ಸಿಂಗ್ಟನ್ ನಂತರ ಬಂದ ಮುಖ್ಯ ಶಿಫಾರಸು ಸರಳ: ರನ್‌ವೇ ಪ್ರವೇಶಕ್ಕೆ ಮುನ್ನ ಕಾಯುವ ಹೋಲ್ಡ್ ಗೆರೆ ದಾಟುವಾಗ ಇದು ನಮಗೆ ಕೊಟ್ಟ ರನ್‌ವೇ ಹೌದೇ ಎಂದು ಇಬ್ಬರೂ ಖಚಿತ ಮಾಡಿಕೊಳ್ಳಿ. ವಿಮಾನ ನಡುವಿನ ರನ್‌ವೇಗಳನ್ನೆಲ್ಲ ದಾಟುವವರೆಗೆ ಟೇಕಾಫ್ ಅನುಮತಿ ಕೊಡಬೇಡಿ ಎಂದು ಕಂಟ್ರೋಲರ್‌ಗಳಿಗೂ ಹೇಳಲಾಯಿತು. ಯಾವ ಪಟ್ಟಿಯ ಮೇಲಿದ್ದೇವೆಂದು ಧ್ವನಿಯಲ್ಲಿ ಹೇಳುವ ಕಾಕ್‌ಪಿಟ್ ಸಾಧನಗಳು, ಚಾರ್ಟ್ ಮೇಲೆ ನಮ್ಮ ವಿಮಾನವನ್ನೇ ತೋರಿಸುವ ಟ್ಯಾಬ್ಲೆಟ್‌ಗಳು, ಟ್ಯಾಕ್ಸಿವೇ ಕಡೆ ಇಳಿಯುವವರ ಬಗ್ಗೆ ಟವರನ್ನು ಎಚ್ಚರಿಸುವ ತಂತ್ರಾಂಶ, ಇವೆಲ್ಲ ಇವೆ. ಎಲ್ಲ ವಿಮಾನದಲ್ಲೂ, ಎಲ್ಲ ನಿಲ್ದಾಣದಲ್ಲೂ ಇಲ್ಲ.

ಸಿಮ್ಯುಲೇಟರ್‌ನಲ್ಲಿ ನಾನೂ ಒಮ್ಮೆ ತಪ್ಪು ಪಟ್ಟಿ ಹತ್ತಿದ್ದೇನೆ. ಬಾಯಲ್ಲಿ ‘ರನ್‌ವೇ ಖಚಿತವಾಗಿದೆ’ ಎನ್ನುತ್ತಲೇ ಹತ್ತಿದೆ, ಚೆಕ್‌ಲಿಸ್ಟ್ ಅಷ್ಟು ಬಾಯಿಗೆ ಹತ್ತಿತ್ತು. ಬೋಧಕರು ಏನೂ ಬೈಯಲಿಲ್ಲ, ‘ಏನು ನೋಡಿ ಖಚಿತ ಮಾಡಿಕೊಂಡೆ?’ ಎಂದರು. ಉತ್ತರ ಇರಲಿಲ್ಲ. ಅಂದಿನಿಂದ ಹೊರಡುವ ಮುನ್ನ ಚಾರ್ಟ್ ಬಿಡಿಸಿ ಒಂದು ಸಾಲು ಬರೆದುಕೊಳ್ಳುತ್ತೇನೆ: ಇಲ್ಲಿ ನನ್ನ ಪಟ್ಟಿ ಎಂದು ಮೋಸ ಮಾಡಬಲ್ಲದ್ದು ಯಾವುದು, ಎರಡನ್ನೂ ಬೇರೆ ಮಾಡುವ ಗುರುತು ಯಾವುದು.

ಅಭ್ಯಾಸಕ್ಕೆ ಒಂದು ಕಾಲ್ಪನಿಕ ನಿಲ್ದಾಣ ತೆಗೆದುಕೊಳ್ಳಿ. 09 ಎಡ, 09 ಬಲ ಎಂಬ ಎರಡು ಪಟ್ಟಿ. 09 ಬಲದ ಆರಂಭಕ್ಕೆ ಹೋಗುವ ದಾರಿಯಲ್ಲಿ 12ನ್ನು ದಾಟಬೇಕು. 09 ಎಡಕ್ಕೂ ಉತ್ತರಕ್ಕೆ ಒಂದು ಉದ್ದನೆಯ ಟ್ಯಾಕ್ಸಿವೇ. 09 ಬಲ ಇಂದು ರಾತ್ರಿ ಮುಚ್ಚಿದೆ. ಇಳಿಯುವವರು ಎಲ್ಲಿ ಮೋಸ ಹೋಗಬಹುದು? ನಾಳೆ ಪಟ್ಟಿ ತೆರೆದ ಮೇಲೆ ಅಲ್ಲಿಂದ ಹೊರಡುವವರು ಎಲ್ಲಿ? ಹೆಡಿಂಗ್ ಯಾರಿಗೆ ಸಾಕ್ಷಿ ಹೇಳುತ್ತದೆ, ಯಾರಿಗೆ ಹೇಳುವುದಿಲ್ಲ? ಚಿತ್ರ ಬರೆದುಕೊಂಡೇ ಉತ್ತರಿಸಿ.