ಎರಡು ಮೌಲ್ಯಮಾಪನಗಳ ನಡುವೆ: ಘೋರ ಅಪರಾಧ ಎಸಗಿದ ಹದಿಹರೆಯದವರ ಮನೋಚಿಕಿತ್ಸೆ

2015ರ ಬಾಲ ನ್ಯಾಯ ಕಾಯ್ದೆಯನ್ನು ಓದುವಾಗ ಶಿವಮೊಗ್ಗದ ನಮ್ಮ ಅಧ್ಯಯನ ಗುಂಪಿನಲ್ಲಿ ಬಹುಮಂದಿ ಎಡವಿದ್ದು 15ನೇ ಕಲಮಿನಲ್ಲಿ. ಅಲ್ಲಿ ಹೇಳಿರುವ ಪ್ರಾಥಮಿಕ ಮೌಲ್ಯಮಾಪನವನ್ನೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ನಾನೂ ತಿಳಿದಿದ್ದೆ. ಕನಿಷ್ಠ 7 ವರ್ಷ ಸೆರೆವಾಸ ವಿಧಿಸಲೇಬೇಕಾದ ಅಪರಾಧದ ಆರೋಪ 16 ತುಂಬಿದ ಹುಡುಗನ ಮೇಲೆ ಬಂದಾಗ, ಅದನ್ನು ಎಸಗುವ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮದ ಅರಿವಿತ್ತೇ, ಸನ್ನಿವೇಶ ಎಂಥದು ಎಂಬುದನ್ನಷ್ಟೇ ಬಾಲ ನ್ಯಾಯ ಮಂಡಳಿ ಆಗ ಪರಿಶೀಲಿಸುತ್ತದೆ; ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಎಂದು ನಿರ್ಧರಿಸುವುದು ಇದರ ಉದ್ದೇಶ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೂ ಆ ತಜ್ಞರು ಉತ್ತರಿಸುವುದು ಮಂಡಳಿಯ ಪ್ರಶ್ನೆಗೆ, ಹುಡುಗನ ನೋವಿಗಲ್ಲ.

ಚಿಕಿತ್ಸೆಯ ಮಾತು ಬರುವುದು 19ನೇ ಕಲಮಿನಲ್ಲಿ. ಮಕ್ಕಳ ನ್ಯಾಯಾಲಯದ ಅಂತಿಮ ಆದೇಶದಲ್ಲಿ ವೈಯಕ್ತಿಕ ಆರೈಕೆ ಯೋಜನೆ ಇರಬೇಕು. 21 ತುಂಬುವವರೆಗೆ ಹುಡುಗನನ್ನು ‘ಸುರಕ್ಷಿತ ಸ್ಥಳ’ವೆಂಬ, ಜೈಲಲ್ಲದ ಪ್ರತ್ಯೇಕ ಸಂಸ್ಥೆಯಲ್ಲಿರಿಸಿ ಆಪ್ತಸಮಾಲೋಚನೆ, ವರ್ತನೆ ತಿದ್ದುವ ಚಿಕಿತ್ಸೆ, ಮನೋವೈದ್ಯಕೀಯ ಬೆಂಬಲ ಒದಗಿಸಬೇಕು.

ಹಿಂಸೆಯೇ ಒಂದು ಕಾಯಿಲೆಯಲ್ಲ. ಅದರ ಅಡಿಯಲ್ಲಿ ಬಾಲ್ಯದ ಹೊಡೆತಗಳ ಆಘಾತ, ಖಿನ್ನತೆ, ಗಮನಕೊರತೆ, ಮದ್ಯ ಅಥವಾ ಗಾಂಜಾದ ಚಟ ಇರಬಹುದು, ಇಲ್ಲದೆಯೂ ಇರಬಹುದು. ಜೊತೆಗಿರುವ ಖಿನ್ನತೆಗೆ ಮಾತ್ರೆ ನೆರವಾದೀತು, ಆದರೆ ದುರ್ವರ್ತನೆಯ ತೊಂದರೆಯನ್ನೇ ಗುಣಪಡಿಸುವ ಮಾತ್ರೆಯಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1995ರಲ್ಲಿ ಆರಂಭವಾದ ಮೆಂಡೋಟ ಬಾಲಚಿಕಿತ್ಸಾ ಕೇಂದ್ರ ಹಿಡಿದ ದಾರಿ ಗಮನಾರ್ಹ. ಶಿಕ್ಷೆಗೆ ಹಟ, ಹಟಕ್ಕೆ ಮತ್ತಷ್ಟು ಶಿಕ್ಷೆ ಎಂಬ ಸುತ್ತನ್ನು ಮುರಿಯಲು ಅಲ್ಲಿ ಹುಡುಗನ ನಡತೆಯನ್ನು ದಿನದಿನವೂ ಅಳೆದು, ಅದಕ್ಕೆ ತಕ್ಕಂತೆ ಸವಲತ್ತು ಕೊಡುತ್ತಾರೆ. ನಿನ್ನೆಯ ಜಗಳ ಇಂದಿನ ಬಾಗಿಲನ್ನು ಮುಚ್ಚುವುದಿಲ್ಲ.

ಮನೆಯವರನ್ನು ಬಿಟ್ಟು ಈ ಚಿಕಿತ್ಸೆ ನಿಲ್ಲದು. ಮಲೆನಾಡಿನಲ್ಲಿ ಕಷ್ಟ ಎದುರಾಗುವುದು ಇಲ್ಲಿಯೇ: ಹೊಸನಗರದ ಕಡೆಯ ಹಳ್ಳಿಯಿಂದ ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು, ಮಳೆಗಾಲದಲ್ಲಾದರೆ ಬಸ್ಸು ಬರುವ ಭರವಸೆಯೂ ಇಲ್ಲದೆ, ತಾಯಿಯೊಬ್ಬಳು ತಿಂಗಳಿಗೆರಡು ಸಲ ಶಿವಮೊಗ್ಗಕ್ಕೇ ಬರಲಾರಳು, ಇನ್ನು ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನ ಮಾತೆಲ್ಲಿ? ಹೀಗೆ ಬರಲಾಗದವಳನ್ನು ‘ಕುಟುಂಬದ ಸಹಕಾರವಿಲ್ಲ’ ಎಂದು ಕಡತದಲ್ಲಿ ಬರೆದುಬಿಡುವುದು ನನಗೆ ಅನ್ಯಾಯವೆನಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ, ಚಿಕಿತ್ಸೆ ಊರಿನ ಹತ್ತಿರಕ್ಕೆ ಬರಲೆಂದು.

21 ತುಂಬಿದಾಗ, ವಿಧಿಸಿದ ಅವಧಿ ಇನ್ನೂ ಉಳಿದಿದ್ದರೆ, 20ನೇ ಕಲಮಿನಂತೆ ಮತ್ತೊಂದು ಮೌಲ್ಯಮಾಪನ ನಡೆಯುತ್ತದೆ: ಹುಡುಗ ಬದಲಾಗಿದ್ದಾನೆಯೇ? ವಾರ್ಷಿಕ ವರದಿಗಳಲ್ಲಿ ‘ನಡತೆ ತೃಪ್ತಿಕರ’ ಎಂಬುದರಾಚೆ ಏನೂ ಇಲ್ಲದಿದ್ದರೆ, ಷರತ್ತಿನ ಬಿಡುಗಡೆಯೋ ಉಳಿದ ಅವಧಿಗೆ ಜೈಲೋ ಎಂಬುದನ್ನು ನ್ಯಾಯಾಧೀಶರು ಆ ಎರಡು ಪದಗಳಿಂದಲೇ ಊಹಿಸಬೇಕಾಗುತ್ತದೆ.